‘ಅಂತೆ’ಯಿಂದ ‘ಕಂಡಿತು’ವರೆಗೆ: ಕಿಕಿಂಡಾ ಪಟ್ಟಣದ ಗೂಬೆಗಳು

ತರಗತಿ: 7 ಮತ್ತು 8
ಅವಧಿ: ತರಗತಿಯಲ್ಲಿ 5 ಅವಧಿಗಳು, ಹೊರಗೆ ಒಂದು ಸಂಜೆಯ ವೀಕ್ಷಣೆ
ಸಾಮರ್ಥ್ಯಗಳು: ಮಾಹಿತಿಪರ ಗದ್ಯದ ಓದು, ಕಂಡದ್ದು, ಊಹಿಸಿದ್ದು, ಕೇಳಿದ್ದು ಎಂಬ ಮೂರನ್ನು ವಾಕ್ಯರೂಪದಲ್ಲಿ ಬೇರ್ಪಡಿಸುವುದು, ವೀಕ್ಷಣಾ ಟಿಪ್ಪಣಿಯ ಬರವಣಿಗೆ

1. ಪಾಠದ ಆಶಯ

ಗೂಬೆಯ ಬಗ್ಗೆ ಏನೂ ತಿಳಿಯದ ಮಗು ಯಾವ ತರಗತಿಯಲ್ಲಿಯೂ ಇರುವುದಿಲ್ಲ. ಗೂಬೆಯನ್ನು ನೆಮ್ಮದಿಯಿಂದ ಐದು ನಿಮಿಷ ನೋಡಿದ ಮಗು ಮಾತ್ರ ವಿರಳ. ಮಕ್ಕಳಿಗೆ ತಿಳಿದಿರುವುದರಲ್ಲಿ ಬಹುಪಾಲು ಕೇಳಿ ತಿಳಿದದ್ದು. ಗೂಬೆ ಕೂಗಿದರೆ ಕೇಡಂತೆ, ಮನೆಯ ಮೇಲೆ ಕೂತರೆ ಮನೆ ಬಿಡಬೇಕಂತೆ, ಕಲ್ಲೆಸೆದರೆ ಅದು ಕಲ್ಲನ್ನು ಎತ್ತಿಕೊಂಡು ಹೋಗುತ್ತದಂತೆ. ಈ ಎಲ್ಲ ವಾಕ್ಯಗಳ ಕೊನೆಯಲ್ಲಿ ‘ಅಂತೆ’ ಎಂಬ ಒಂದೇ ಪ್ರತ್ಯಯವಿದೆ. ‘ಇದನ್ನು ನಾನು ಕಂಡಿಲ್ಲ, ಕೇಳಿದ್ದೇನೆ’ ಎಂಬ ಪ್ರಾಮಾಣಿಕ ಸೂಚನೆಯನ್ನು ಕನ್ನಡ ಭಾಷೆಯೇ ಆ ಪ್ರತ್ಯಯದಲ್ಲಿ ಇರಿಸಿದೆ. ಮಾತು ಬಾಯಿಂದ ಬಾಯಿಗೆ ದಾಟುವಾಗ ಮೊದಲು ಕಳಚಿ ಬೀಳುವುದು ಆ ‘ಅಂತೆ’; ‘ಕೇಡಂತೆ’ ಎಂಬುದು ‘ಕೇಡು’ ಎಂದಾಗುತ್ತದೆ. ಆಗ ಕಲ್ಲು ಕೈಗೆ ಬರುತ್ತದೆ.

ಕಳಚಿದ ಆ ಪ್ರತ್ಯಯವನ್ನು ಮರಳಿ ಅದರ ಸ್ಥಾನದಲ್ಲಿ ಇರಿಸುವುದು, ಅನಂತರ ‘ಅಂತೆ’ ಇದ್ದ ಕಡೆ ‘ಕಂಡಿತು’ ಎಂದು ಬರೆಯಲು ಬೇಕಾದ ನೋಟವನ್ನು ರೂಢಿಸುವುದು ಈ ಪಾಠದ ಆಶಯ. ಇದಕ್ಕೆ ಆಯ್ದುಕೊಂಡ ನಿದರ್ಶನ ದೂರದ್ದು. ತಮ್ಮ ಊರಿನದೇ ನಂಬಿಕೆಯನ್ನು ಮೊದಲಿಗೇ ಪ್ರಶ್ನಿಸಿದರೆ ಮಕ್ಕಳು ಮೌನವಾಗುತ್ತಾರೆ. ಅಂಥದೇ ನಂಬಿಕೆಯುಳ್ಳ ಬೇರೊಂದು ಊರಿನ ಕಥೆಯನ್ನು ಓದಿದಾಗ ತಾವಾಗಿಯೇ ಮಾತನಾಡುತ್ತಾರೆ.

2. ಪ್ರವೇಶ

ಮೊದಲ ಅವಧಿಯಲ್ಲಿ ಪಠ್ಯವನ್ನು ತೆರೆಯಬಾರದು. ಗೂಬೆಯ ಬಗ್ಗೆ ಮಕ್ಕಳು ಹೇಳುವ ಎಲ್ಲ ಮಾತುಗಳನ್ನೂ ತಿದ್ದದೆ, ನಗದೆ, ಅವರ ಮನೆಮಾತಿನ ರೂಪದಲ್ಲಿಯೇ ಶಿಕ್ಷಕರು ಕಪ್ಪುಹಲಗೆಯ ಮೇಲೆ ಬರೆಯಬೇಕು. ಅನಂತರ ಒಂದೊಂದು ವಾಕ್ಯದ ಮುಂದೆಯೂ ‘ಇದನ್ನು ಕಂಡವರು ಯಾರು?’ ಎಂದು ಕೇಳಿ, ಕಂಡವರ ಸಂಖ್ಯೆಯನ್ನು ಬರೆಯಬೇಕು. ಹೆಚ್ಚಿನ ವಾಕ್ಯಗಳ ಮುಂದೆ ಸೊನ್ನೆ ಬರುತ್ತದೆ. ಶಿಕ್ಷಕರು ಆ ಸೊನ್ನೆಗೆ ಯಾವ ವ್ಯಾಖ್ಯಾನವನ್ನೂ ನೀಡಬೇಕಾಗಿಲ್ಲ. ಈ ಪಟ್ಟಿಯನ್ನು ಒಂದು ಹಾಳೆಗೆ ನಕಲು ಮಾಡಿ ಕೊನೆಯ ಅವಧಿಯವರೆಗೆ ಗೋಡೆಯ ಮೇಲೆ ಉಳಿಸಿಕೊಳ್ಳಬೇಕು.

3. ಓದುವ ಪಾಠ: ಚೌಕದ ಮರಗಳಲ್ಲಿ ಚಳಿಗಾಲ

ಯೂರೋಪಿನ ಸರ್ಬಿಯಾ ದೇಶದ ಉತ್ತರಕ್ಕೆ, ರೊಮೇನಿಯಾದ ಗಡಿಗೆ ಸಮೀಪದಲ್ಲಿ ಕಿಕಿಂಡಾ ಎಂಬ ಪಟ್ಟಣವಿದೆ. ಬಾನಾತ್ ಎಂದು ಕರೆಯಲಾಗುವ ಆ ಪ್ರದೇಶ ಬೆಟ್ಟಗುಡ್ಡಗಳಿಲ್ಲದ ಬಯಲು. ಕಣ್ಣು ಹಾಯಿಸಿದಷ್ಟು ದೂರ ಗೋಧಿ, ಮೆಕ್ಕೆಜೋಳ, ಸೂರ್ಯಕಾಂತಿಯ ಹೊಲಗಳು. ಪಟ್ಟಣದ ನಡುವೆ ಒಂದು ಚೌಕ. ಅದರ ಸುತ್ತ ಚರ್ಚು, ಕಚೇರಿ, ಅಂಗಡಿ, ಕಾಫಿಯ ಮಂದಿರಗಳು. ನಡುನಡುವೆ ಎತ್ತರವಾದ ಮರಗಳು. ಆ ಮರಗಳಲ್ಲಿ ಪ್ರತಿ ಚಳಿಗಾಲದಲ್ಲಿ ನೂರಾರು ಗೂಬೆಗಳು ಹಗಲಿನ ವಿಶ್ರಾಂತಿಗೆ ಬಂದು ಸೇರುತ್ತವೆ. ಗೂಬೆಗಳು ಹೇರಳವಾಗಿದ್ದ ವರ್ಷಗಳಲ್ಲಿ ಅಲ್ಲಿ ಒಂದೇ ಸಮಯಕ್ಕೆ 700ಕ್ಕೂ ಹೆಚ್ಚು ಗೂಬೆಗಳನ್ನು ಎಣಿಸಿದ್ದುಂಟು. ಮನುಷ್ಯರ ನಡುವೆ ಇಷ್ಟೊಂದು ಸಂಖ್ಯೆಯಲ್ಲಿ ಗೂಬೆಗಳು ಕೂಡುವ ತಾಣವೆಂದು ಕಿಕಿಂಡಾ ಜಗತ್ತಿನ ಪಕ್ಷಿವೀಕ್ಷಕರಲ್ಲಿ ಹೆಸರಾಗಿದೆ.

ಈ ಗೂಬೆಯನ್ನು ಕನ್ನಡದಲ್ಲಿ ಉದ್ದಕಿವಿಯ ಗೂಬೆ ಎನ್ನಬಹುದು. ಇದರ ವೈಜ್ಞಾನಿಕ ಹೆಸರು ಏಸಿಯೊ ಓಟಸ್. ಯೂರೋಪ್, ಏಷ್ಯಾ, ಉತ್ತರ ಅಮೆರಿಕ ಖಂಡಗಳಲ್ಲಿ ಇದರ ನೆಲೆಯಿದೆ. ದೇಹದ ಉದ್ದ ಒಂದು ಅಡಿಗಿಂತ ತುಸು ಹೆಚ್ಚು; ತೂಕ ಸುಮಾರು 200ರಿಂದ 400 ಗ್ರಾಂ. ಮರದ ತೊಗಟೆಯನ್ನು ಹೋಲುವ ಕಂದು ಗೆರೆಗಳ ಮೈ, ಕಿತ್ತಳೆ ಬಣ್ಣದ ಕಣ್ಣು, ತಲೆಯ ಮೇಲೆ ನೆಟ್ಟಗೆ ನಿಂತ ಎರಡು ಗರಿಗೊಂಚಲು. ಹೆಸರಿನಲ್ಲಿರುವ ‘ಕಿವಿ’ ಈ ಗರಿಗಳೇ, ನಿಜವಾದ ಕಿವಿಗಳಲ್ಲ. ಕೇಳುವ ಕಿವಿಗಳು ಮುಖದ ಇಕ್ಕೆಲಗಳಲ್ಲಿ ಗರಿಗಳಡಿ ಅಡಗಿವೆ. ಎಡ ಬಲ ಕಿವಿಗಳ ರಚನೆ ಒಂದೇ ತೆರನಾಗಿಲ್ಲದ ಕಾರಣ ಸದ್ದು ಎರಡನ್ನೂ ತುಸು ಬೇರೆ ಬೇರೆಯಾಗಿ ತಲಪುತ್ತದೆ. ಅಷ್ಟು ವ್ಯತ್ಯಾಸದಿಂದಲೇ ಕತ್ತಲಲ್ಲಿ ಹುಲ್ಲಿನಡಿ ಓಡಾಡುವ ಇಲಿಯ ಜಾಗವನ್ನು ಹಕ್ಕಿ ಗುರುತಿಸಬಲ್ಲದು.

ಗೂಬೆಗಳು ನವೆಂಬರ್ ಹೊತ್ತಿಗೆ ಚೌಕದಲ್ಲಿ ನೆರೆಯುತ್ತವೆ. ಮಾರ್ಚ್ ಬರುತ್ತಿದ್ದಂತೆ ಚದುರುತ್ತವೆ. ಇದು ಸಂಸಾರ ಹೂಡುವ ನೆಲೆಯಲ್ಲ, ಹಗಲು ಕಳೆಯುವ ತಂಗುದಾಣ. ವಸಂತದಲ್ಲಿ ಅವು ಜೋಡಿಜೋಡಿಯಾಗಿ ಬೇರೆಯಾಗಿ, ಕಾಗೆ ಮತ್ತು ಅದರ ಬಳಗದ ಹಕ್ಕಿಗಳು ಬಿಟ್ಟುಹೋದ ಹಳೆಯ ಗೂಡುಗಳಲ್ಲಿ ಮೊಟ್ಟೆಯಿಡುತ್ತವೆ. ತಾವಾಗಿ ಗೂಡು ಕಟ್ಟುವುದಿಲ್ಲ.

ಕಾಡನ್ನು ಬಿಟ್ಟು ಪಟ್ಟಣಕ್ಕೆ ಏಕೆ ಬರುತ್ತವೆ? ಒಂದೇ ಕಾರಣ ಹೇಳಲಾಗದು. ಬಯಲಿನಲ್ಲಿ ದಟ್ಟ ಮರಗಳು ಕಡಿಮೆ; ಪಟ್ಟಣದಲ್ಲಿ ಚಳಿಗಾಲದಲ್ಲೂ ಎಲೆ ಉದುರದ ಸೂಚಿಪರ್ಣ ಮರಗಳಿವೆ. ಕಟ್ಟಡಗಳು ಗಾಳಿಯನ್ನು ತಡೆಯುತ್ತವೆ. ಪಟ್ಟಣದೊಳಗಿನ ಹವೆ ತೆರೆದ ಹೊಲಗಳ ಹವೆಗಿಂತ ತುಸು ಬೆಚ್ಚಗಿರುತ್ತದೆ. ಗೂಬೆಯನ್ನೇ ಹಿಡಿದು ತಿನ್ನುವ ದೊಡ್ಡ ಡೇಗೆಗಳೂ ದೊಡ್ಡ ಗೂಬೆಗಳೂ ಜನರ ನಡುವೆ ಬರಲು ಹಿಂಜರಿಯುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ ಆಹಾರ ಹತ್ತಿರದಲ್ಲಿದೆ. ಪಟ್ಟಣದ ಅಂಚು ಮುಗಿದಲ್ಲಿ ಹೊಲ, ಹೊಲದಲ್ಲಿ ಇಲಿ. ಒಟ್ಟಾಗಿ ಕೂರುವುದರಿಂದ ಅಪಾಯವನ್ನು ಬೇಗ ಗುರುತಿಸಲು ಹೆಚ್ಚು ಕಣ್ಣುಗಳು ದೊರೆಯುತ್ತವೆ ಎಂಬುದು ತಜ್ಞರು ನೀಡುವ ವಿವರಣೆ. ಆದರೆ ಬೇಟೆ ಒಟ್ಟಾಗಿ ಅಲ್ಲ. ಡಿಸೆಂಬರಿನಲ್ಲಿ ಅಲ್ಲಿ ಸಂಜೆ ನಾಲ್ಕರ ಸುಮಾರಿಗೇ ಸೂರ್ಯ ಮುಳುಗುತ್ತಾನೆ. ಬೆಳಕು ಕರಗುತ್ತಿದ್ದಂತೆ ಒಂದೊಂದೇ ಗೂಬೆ ಮೈ ಕೊಡವಿ, ರೆಕ್ಕೆ ಚಾಚಿ, ಸದ್ದಿಲ್ಲದೆ ಹೊಲಗಳ ಕಡೆಗೆ ಹಾರುತ್ತದೆ. ಹಗಲಿನಲ್ಲಿ ನೂರಾರು ನೆರೆಹೊರೆಯವರಿದ್ದ ಹಕ್ಕಿ ರಾತ್ರಿಯಲ್ಲಿ ಒಂಟಿ.

ಮರದಡಿ ಬಿದ್ದಿರುವ ಬೂದುಬಣ್ಣದ ಉಂಡೆಗಳು ಆ ಬೇಟೆಯ ಲೆಕ್ಕಪತ್ರ. ಗೂಬೆ ಸಣ್ಣ ಇಲಿಯನ್ನು ಇಡಿಯಾಗಿ ನುಂಗುತ್ತದೆ. ಜೀರ್ಣವಾಗದ ಕೂದಲು ಮತ್ತು ಮೂಳೆಗಳು ಹೊಟ್ಟೆಯಲ್ಲಿ ಒತ್ತಿ ಉಂಡೆಯಾಗುತ್ತವೆ. ಆ ಉಂಡೆಯನ್ನು ಹಕ್ಕಿ ಬಾಯಿಂದ ಹೊರಹಾಕುತ್ತದೆ. ಉಂಡೆಯನ್ನು ಬಿಡಿಸಿದರೆ ತಲೆಬುರುಡೆ, ದವಡೆ, ಹಲ್ಲುಗಳು ದೊರೆಯುತ್ತವೆ. ಅವುಗಳನ್ನು ಎಣಿಸಿದರೆ ಹಕ್ಕಿ ಏನನ್ನು ತಿಂದಿತೆಂದು ಊಹೆಯಿಲ್ಲದೆ ಹೇಳಬಹುದು. ಆ ಬಯಲಿನಲ್ಲಿ ದೊರೆಯುವ ಉತ್ತರ ಬಹುಮಟ್ಟಿಗೆ ಒಂದೇ: ಹೊಲದ ಇಲಿ. ಬೆಳೆಯನ್ನು ತಿನ್ನುವ ಇಲಿಯನ್ನು ಚಳಿಗಾಲವಿಡೀ ತಿನ್ನುವ ಹಕ್ಕಿ ರೈತನಿಗೆ ಕೇಡಿನ ಹಕ್ಕಿಯಾಗಲಾರದು.

ಆದರೂ ಬಹುಕಾಲ ಅದನ್ನು ಕೇಡಿನ ಹಕ್ಕಿಯೆಂದೇ ಜನ ತಿಳಿದಿದ್ದರು. ಮನೆಯ ಬಳಿ ಗೂಬೆ ಕೂಗಿದರೆ ಸಾವು ಬರುತ್ತದೆ ಎಂಬ ನಂಬಿಕೆ ಸರ್ಬಿಯಾದಲ್ಲಿಯೂ ಉಂಟು. ಆ ನಂಬಿಕೆಯ ನಾಡಿನಲ್ಲಿಯೇ ಪಕ್ಷಿತಜ್ಞರು ಮರದಿಂದ ಮರಕ್ಕೆ ಹೋಗಿ ಎಣಿಸಿದರು; ಎಣಿಕೆಯನ್ನು ನೋಡಲು ದೂರದಿಂದ ಜನ ಬಂದರು; ಬಂದವರಿಗೆ ತಮ್ಮ ಊರಿನ ಮರಗಳನ್ನು ತೋರಿಸುವುದು ಊರವರಿಗೆ ಹೆಮ್ಮೆಯಾಯಿತು. ಈಗ ಅಲ್ಲಿ ನವೆಂಬರ್ ತಿಂಗಳಿಗೆ ‘ಸೊವೆಂಬರ್’ ಎಂಬ ಹೆಸರಿದೆ. ಸರ್ಬಿಯನ್ ಭಾಷೆಯಲ್ಲಿ ‘ಸೊವಾ’ ಎಂದರೆ ಗೂಬೆ. ಆ ತಿಂಗಳಲ್ಲಿ ಗೂಬೆಗಳ ಸುತ್ತ ಕಾರ್ಯಕ್ರಮಗಳು ನಡೆಯುತ್ತವೆ. ಬೆಂಚಿನ ಮೇಲೆ, ಕಲ್ಲುಹಾಸಿನ ಮೇಲೆ ಹಿಕ್ಕೆ ಬೀಳುತ್ತದೆ. ಅದನ್ನು ದೂರುವವರೂ ಇದ್ದಾರೆ. ಹಿಕ್ಕೆ ಕಣ್ಣಿಗೆ ಕಾಣುವ ತೊಂದರೆ, ತೊಳೆದರೆ ಹೋಗುತ್ತದೆ. ಕಾಣದ ಕೇಡಿನ ಭಯವನ್ನು ಹಾಗೆ ತೊಳೆಯಲು ಬರುವುದಿಲ್ಲ. ಹಕ್ಕಿಯನ್ನು ನಿತ್ಯ ನೋಡಿದವರಲ್ಲಿ ಅದು ಮೆಲ್ಲನೆ ಸವೆಯುತ್ತದೆ.

ಕಿಕಿಂಡಾ ಇರುವ ವೊಯ್ವೊದಿನಾ ಪ್ರಾಂತ್ಯದಲ್ಲಿ 6 ಅಧಿಕೃತ ಭಾಷೆಗಳಿವೆ. ಸರ್ಬಿಯನ್ ಅಲ್ಲದೆ ಹಂಗೇರಿಯನ್, ಸ್ಲೋವಾಕ್, ರೊಮೇನಿಯನ್ ಮೊದಲಾದ ಭಾಷೆಗಳಲ್ಲಿಯೂ ಶಾಲಾ ಶಿಕ್ಷಣ ದೊರೆಯುತ್ತದೆ. ಒಂದೇ ಕೊಂಬೆಯ ಹಕ್ಕಿಯನ್ನು ಒಂದು ಮಗು ‘ಸೊವಾ’ ಎಂದು, ಹಂಗೇರಿಯನ್ ಮನೆಮಾತಿನ ಇನ್ನೊಂದು ಮಗು ‘ಬಗೊಯ್’ ಎಂದು, ರೊಮೇನಿಯನ್ ಮಾತನಾಡುವ ಮತ್ತೊಂದು ಮಗು ‘ಬುಫ್ನಿತ್ಸಾ’ ಎಂದು ಕರೆಯಬಹುದು. ಹೆಸರು ಮೂರಾದರೂ ಎಣಿಸಿದಾಗ ಹಕ್ಕಿ ಒಂದೇ.

4. ಭಾಷಾಭ್ಯಾಸ: ಮೂರು ಬಗೆಯ ವಾಕ್ಯಗಳು

ಪಾಠವನ್ನು ಓದಿದ ಮೇಲೆ ಈ ಮೂರು ವಾಕ್ಯಗಳನ್ನು ಹಲಗೆಯ ಮೇಲೆ ಬರೆಯಬೇಕು.

ಕಂಡದ್ದು: ಹುಣಸೆಮರದ ಪೊಟರೆಯಲ್ಲಿ ಎರಡು ಗೂಬೆಗಳು ಕಂಡವು.
ಊಹಿಸಿದ್ದು: ಮರದಡಿ ಉಂಡೆಗಳಿವೆ, ಮೇಲೆ ಗೂಬೆ ಇರಬಹುದು.
ಕೇಳಿದ್ದು: ಆ ಮರದಲ್ಲಿ ಗೂಬೆ ಇದೆಯಂತೆ.

ಮೊದಲನೆಯದಕ್ಕೆ ಹೇಳುವವನ ಕಣ್ಣು ಸಾಕ್ಷಿ. ಎರಡನೆಯದಕ್ಕೆ ಒಂದು ಕುರುಹು ಸಾಕ್ಷಿ. ಕುರುಹನ್ನು ಹೇಳದೆ ‘ಇರಬಹುದು’ ಎಂದರೆ ವಾಕ್ಯ ಅಪೂರ್ಣ. ಮೂರನೆಯದಕ್ಕೆ ಇನ್ನೊಬ್ಬರ ಮಾತು ಸಾಕ್ಷಿ. ಮೂರೂ ಸರಿಯಾದ ವಾಕ್ಯಗಳೇ. ಕೇಳಿದ್ದನ್ನು ಕಂಡದ್ದರ ರೂಪದಲ್ಲಿ ಹೇಳಿದಾಗ ಮಾತ್ರ ತಪ್ಪು ಹುಟ್ಟುತ್ತದೆ.

ಈ ಅಭ್ಯಾಸದಲ್ಲಿ ಮಕ್ಕಳು ‘ಅಂತೆ’ಯ ಎರಡು ಬಳಕೆಗಳನ್ನು ಬೆರೆಸುವುದುಂಟು. ‘ಹೂವಿನಂತೆ’, ‘ಗುರುಗಳು ಹೇಳಿದಂತೆ’ ಎಂಬಲ್ಲಿ ಅದು ಹೋಲಿಕೆಯನ್ನು ಅಥವಾ ರೀತಿಯನ್ನು ಸೂಚಿಸುತ್ತದೆ. ‘ಗುರುಗಳು ಹೇಳಿದರಂತೆ’ ಎಂಬಲ್ಲಿ ಪೂರ್ಣಗೊಂಡ ಕ್ರಿಯಾಪದದ ಮೇಲೆ ಬಂದು ಕೇಳಿಕೆಯನ್ನು ಸೂಚಿಸುತ್ತದೆ. ‘ಹೇಳಿದಂತೆ’, ‘ಹೇಳಿದರಂತೆ’ ಎಂಬ ಜೋಡಿಯನ್ನು ಗಟ್ಟಿಯಾಗಿ ಓದಿಸಿ ವ್ಯತ್ಯಾಸವನ್ನು ಮಕ್ಕಳಿಂದಲೇ ಹೇಳಿಸುವುದು ಉತ್ತಮ.

ಗಡಿಭಾಗದ ಮಗುವಿಗೆ ಈ ವ್ಯಾಕರಣ ಹೊಸತಲ್ಲ. ನೆರೆಯ ಭಾಷೆಗಳಲ್ಲಿಯೂ ಕೇಳಿಕೆಯ ಗುರುತುಂಟು: ತೆಲುಗಿನಲ್ಲಿ ‘ಅಟ’, ತಮಿಳಿನಲ್ಲಿ ವಾಕ್ಯದ ಕೊನೆಯ ‘ಆಮ್’, ಮಲಯಾಳದಲ್ಲಿ ‘ಅತ್ರೇ’, ಮರಾಠಿಯಲ್ಲಿ ‘ಮ್ಹಣೇ’. ಆದೋನಿಯ ಮಗು ಬೀದಿಯಲ್ಲಿ ‘ಅಟ’ ಎಂದೂ ಮನೆಯಲ್ಲಿ ‘ಅಂತೆ’ ಎಂದೂ ಆಡುತ್ತದೆ. ಅಕ್ಕಲಕೋಟೆಯ ಮಗು ‘ಮ್ಹಣೇ’ ಎಂಬುದನ್ನು ನಿತ್ಯ ಕೇಳುತ್ತದೆ. ಎರಡು ಭಾಷೆ ಬಲ್ಲ ಮಗುವಿಗೆ ಈ ಪಾಠದಲ್ಲಿ ತೊಡಕಿಲ್ಲ, ಅನುಕೂಲವಿದೆ. ಶಿಕ್ಷಕರು ಆ ಅನುಕೂಲವನ್ನು ಬಳಸಿಕೊಳ್ಳಬೇಕು.

5. ಪದಸಂಗ್ರಹ

ಗೂಬೆಗೆ ಗೊತ್ತಿರುವ ಎಲ್ಲ ಹೆಸರುಗಳನ್ನೂ ಮಕ್ಕಳು ಮನೆಯ ಹಿರಿಯರಿಂದ ಕೇಳಿ ತರಲಿ. ಗೂಬೆ, ಗುಮ್ಮ, ಹಾಲಕ್ಕಿ, ಉಲೂಕ ಎಂಬ ಕನ್ನಡದ ಹೆಸರುಗಳ ಜೊತೆಗೆ ತಮಿಳಿನ ‘ಆಂದೈ’, ತೆಲುಗಿನ ‘ಗುಡ್ಲಗೂಬ’, ಮರಾಠಿಯ ‘ಘುಬಡ’, ಮಲಯಾಳದ ‘ಮೂಙ್ಙ’ ಎಂಬ ಹೆಸರುಗಳಿಗೂ ಪಟ್ಟಿಯಲ್ಲಿ ಸ್ಥಾನವಿರಲಿ. ತೆಲುಗಿನ ‘ಗೂಬ’ ಕನ್ನಡದ ‘ಗೂಬೆ’ಗೆ ಸಮೀಪದ ಬಂಧು ಎಂಬುದನ್ನು ಮಕ್ಕಳೇ ಕಂಡುಕೊಳ್ಳುತ್ತಾರೆ. ಮನೆಮಾತಿನ ರೂಪ ಪಠ್ಯದ ರೂಪಕ್ಕಿಂತ ಭಿನ್ನವಾಗಿದ್ದರೆ ಅದನ್ನು ತಪ್ಪೆಂದು ಹೊಡೆದುಹಾಕಬಾರದು. ಎದುರಿಗೆ ಪಠ್ಯದ ರೂಪವನ್ನು ಬರೆದರೆ ಸಾಕು.

‘ಗೂಬೆ ಕೂರಿಸು’ ಎಂಬ ನುಡಿಗಟ್ಟಿನ ಅರ್ಥವನ್ನು ಇಲ್ಲಿ ಚರ್ಚಿಸಬಹುದು. ತಾನು ಮಾಡದ ತಪ್ಪಿನ ಹೊಣೆಯನ್ನು ಒಬ್ಬರ ತಲೆಗೆ ಕಟ್ಟುವುದು ಎಂಬುದು ಅದರ ಅರ್ಥ. ಊರಿನ ಕೇಡಿಗೆಲ್ಲ ಗೂಬೆಯೇ ಕಾರಣವೆಂದಾಗ ಗೂಬೆಯ ಮೇಲೆಯೇ ಗೂಬೆ ಕೂರಿಸಿದಂತಾಗುತ್ತದೆ. ‘ಗೂಬೆ’ ಎಂದು ಒಬ್ಬರನ್ನೊಬ್ಬರು ಬೈಯುವ ಅಭ್ಯಾಸದ ಬಗ್ಗೆಯೂ ಈ ಸಂದರ್ಭದಲ್ಲಿ ಮಕ್ಕಳೇ ಮಾತನಾಡಲಿ.

6. ಸಂಜೆಯ ವೀಕ್ಷಣೆ

ಉದ್ದಕಿವಿಯ ಗೂಬೆ ದಕ್ಷಿಣ ಭಾರತದ ಹಕ್ಕಿಯಲ್ಲ. ಆದರೆ ಜನರ ಹತ್ತಿರ ಬಾಳುವ ಗೂಬೆಗಳಿಗೆ ಇಲ್ಲಿ ಕೊರತೆಯಿಲ್ಲ. ಗುಬ್ಬಿಗಿಂತ ದೊಡ್ಡದಾದ, ಸುಮಾರು 21 ಸೆಂಟಿಮೀಟರ್ ಉದ್ದದ, ಬಿಳಿ ಚುಕ್ಕೆಗಳ ಚುಕ್ಕೆಗೂಬೆ ಊರೊಳಗಿನ ಹಳೆಯ ಮರದ ಪೊಟರೆಯಲ್ಲಿ, ಹಂಚಿನ ಮಾಡಿನ ಸಂದಿನಲ್ಲಿ ಎರಡು ಮೂರರ ಕುಟುಂಬವಾಗಿ ಹಗಲು ಕಳೆಯುತ್ತದೆ. ಹೃದಯದ ಆಕಾರದ ಬಿಳಿ ಮುಖದ ಕಣಜ ಗೂಬೆ ಪಾಳು ಕಟ್ಟಡ, ಹಳೆಯ ಗೋಡೆಗಳ ಬಿರುಕುಗಳನ್ನು ಆಶ್ರಯಿಸುತ್ತದೆ. ಕಿಕಿಂಡಾದ ಗೂಬೆಯ ಹತ್ತಿರದ ಬಂಧುವಾದ ಗಿಡ್ಡಕಿವಿಯ ಗೂಬೆ ಚಳಿಗಾಲದಲ್ಲಿ ಭಾರತಕ್ಕೆ ವಲಸೆ ಬಂದು, ತೆರೆದ ಹುಲ್ಲುಗಾವಲಿನ ನೆಲದ ಮೇಲೆಯೇ ಹಗಲು ಮಲಗುತ್ತದೆ. ಕೆಲವೊಮ್ಮೆ ಹಲವು ಹಕ್ಕಿಗಳು ಒಟ್ಟಾಗಿ.

ಸೂರ್ಯಾಸ್ತಕ್ಕೆ ಇಪ್ಪತ್ತು ನಿಮಿಷ ಮೊದಲು ಮಕ್ಕಳನ್ನು ಚಿಕ್ಕ ಗುಂಪುಗಳಲ್ಲಿ, ಪಾಲಕರಿಗೆ ತಿಳಿಸಿ, ಶಾಲೆಯ ಹತ್ತಿರದ ಮರವೊಂದಕ್ಕೆ ಕರೆದೊಯ್ಯಬೇಕು. ಒಂದು ಗುಂಪು ಮರದ ಒಂದು ಬದಿಯಲ್ಲಿ, ಇನ್ನೊಂದು ಎದುರು ಬದಿಯಲ್ಲಿ ದೂರವಾಗಿ ನಿಂತು ಪ್ರತ್ಯೇಕವಾಗಿ ಎಣಿಸಿ, ಕೊನೆಯಲ್ಲಿ ಲೆಕ್ಕ ಹೋಲಿಸಲಿ. ಎರಡು ಲೆಕ್ಕ ಹೊಂದದಿದ್ದರೆ ಅದು ಸೋಲಲ್ಲ. ಏಕೆ ಹೊಂದಲಿಲ್ಲ ಎಂಬುದೇ ಒಳ್ಳೆಯ ಚರ್ಚೆ. ಗೂಬೆ ಕಾಣದಿದ್ದರೆ ‘ಕಾಣಲಿಲ್ಲ’ ಎಂದು ಬರೆಯುವುದನ್ನು ಕಲಿಸಬೇಕು. ಅದೂ ಒಂದು ಪೂರ್ಣ ದಾಖಲೆ.

ಪಾಲಿಸಬೇಕಾದ ನಿಯಮಗಳು:

• ಮರ ಹತ್ತಬಾರದು. ಪೊಟರೆಯಲ್ಲಿ ಕೈ ಅಥವಾ ಕೋಲು ಹಾಕಬಾರದು. ನವೆಂಬರಿನಿಂದ ಏಪ್ರಿಲ್‌ವರೆಗೆ ಚುಕ್ಕೆಗೂಬೆ ಮರಿಮಾಡುವ ಕಾಲ.
• ಟಾರ್ಚಿನ ಬೆಳಕನ್ನು ಕಣ್ಣಿಗೆ ಬಿಡಬಾರದು. ಮೊಬೈಲಿನಲ್ಲಿ ಗೂಬೆಯ ಕೂಗನ್ನು ನುಡಿಸಬಾರದು.
• ಹಗಲಿನಲ್ಲಿ ಎಬ್ಬಿಸಬಾರದು. ಬೆದರಿ ಹಾರಿದ ಗೂಬೆಯನ್ನು ಕಾಗೆಗಳು ಮುತ್ತುತ್ತವೆ. ರಾತ್ರಿಯ ಬೇಟೆಗೆ ಬೇಕಾದ ಶಕ್ತಿ ವ್ಯರ್ಥವಾಗುತ್ತದೆ.
• ಉಂಡೆಗಳನ್ನು ಬರಿಗೈಯಲ್ಲಿ ಮುಟ್ಟಬಾರದು. ಕೆಲಸ ಮುಗಿದ ಮೇಲೆ ಸೋಪಿನಿಂದ ಕೈ ತೊಳೆಯಬೇಕು.
• ಗೂಬೆ ಇರುವ ಜಾಗವನ್ನು ಅಪರಿಚಿತರಿಗೆ ಹೇಳಬಾರದು. ದೀಪಾವಳಿಯ ಸುಮಾರಿಗೆ ಮಾಟಮಂತ್ರಕ್ಕಾಗಿ ಗೂಬೆಗಳನ್ನು ಹಿಡಿದು ಮಾರುವ ದಂಧೆ ದೇಶದ ಕೆಲವೆಡೆ ಇದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಪ್ರಕಾರ ಗೂಬೆಯನ್ನು ಹಿಡಿಯುವುದು, ಕೊಲ್ಲುವುದು, ಮಾರುವುದು ಅಪರಾಧ.

7. ಶಿಕ್ಷಕರ ವಿಶೇಷ ಗಮನಕ್ಕೆ

‘ನಮ್ಮಜ್ಜ ತೀರಿಕೊಂಡ ರಾತ್ರಿ ಗೂಬೆ ಕೂಗಿತ್ತು’ ಎಂದು ಹೇಳುವ ಒಂದು ಮಗು ಬಹುತೇಕ ಎಲ್ಲ ತರಗತಿಗಳಲ್ಲಿಯೂ ಇರುತ್ತದೆ. ಈ ಪಾಠದ ಅತ್ಯಂತ ಕಠಿಣ ಗಳಿಗೆ ಅದು. ಆ ಮಾತನ್ನು ಮೂಢನಂಬಿಕೆಯೆಂದು ತಳ್ಳಿಹಾಕಿದರೆ ಮಗು ತನ್ನ ಮನೆಯನ್ನೇ ತಳ್ಳಿಹಾಕಿದರೆಂದು ತಿಳಿಯುತ್ತದೆ. ಮೊದಲು ಅಜ್ಜನ ಬಗ್ಗೆ ಕೇಳಬೇಕು. ಗೂಬೆ ಕೂಗಿದ್ದು ಸುಳ್ಳೆಂದು ಶಿಕ್ಷಕರು ಹೇಳಬೇಕಾಗಿಯೂ ಇಲ್ಲ, ಅದು ಕೂಗಿರಬಹುದು. ಕಾಯಿಲೆಯವರಿರುವ ಮನೆಯಲ್ಲಿ ರಾತ್ರಿಯಿಡೀ ಜನ ಎಚ್ಚರವಿರುತ್ತಾರೆ. ಉಳಿದ ರಾತ್ರಿ ನಿದ್ದೆಯಲ್ಲಿ ಕೇಳದ ಕೂಗು ಅಂದು ಕೇಳುತ್ತದೆ. ಉರಿಯುವ ದೀಪಕ್ಕೆ ಹುಳುಗಳು ಬರುತ್ತವೆ. ಹುಳುಗಳನ್ನು ತಿನ್ನಲು ಚುಕ್ಕೆಗೂಬೆ ಬರುತ್ತದೆ. ಕೂಗನ್ನು ಕೇಳಿದ್ದು ಕಂಡ ಸಂಗತಿಯ ಸಾಲಿಗೆ ಸೇರುತ್ತದೆ. ಕೂಗಿನಿಂದ ಸಾವು ಬಂತು ಎಂಬುದು ಊಹೆಯ ಸಾಲಿಗೆ. ಒಂದೇ ಮಾತನ್ನು ಈ ಎರಡು ಸಾಲುಗಳಲ್ಲಿ ಬಿಡಿಸಿ ಬರೆಯಲು ಮಗುವಿಗೆ ನೆರವಾಗಬೇಕು. ದುಃಖವನ್ನು ಪ್ರಶ್ನಿಸಬಾರದು, ಹಕ್ಕಿಯ ಮೇಲಿನ ಆರೋಪವನ್ನು ಮಾತ್ರ ಪ್ರಶ್ನಿಸಬೇಕು.

ಆಸಕ್ತಿಯಿರುವ ಮಕ್ಕಳು ಒಂದು ತಿಂಗಳ ಕಾಲ ಗೂಬೆಯ ಕೂಗು ಕೇಳಿದ ರಾತ್ರಿಗಳನ್ನು ದಿನದರ್ಶಿಕೆಯಲ್ಲಿ ಗುರುತಿಸಲಿ. ಕೂಗಿದ ರಾತ್ರಿಗಳೆಷ್ಟು, ಮರುದಿನ ಎಂದಿನಂತೆ ಬೆಳಗಾದ ದಿನಗಳೆಷ್ಟು ಎಂಬ ಲೆಕ್ಕವನ್ನು ಅವರೇ ಓದಿಕೊಳ್ಳಲಿ.

8. ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿ.
1. ಉದ್ದಕಿವಿಯ ಗೂಬೆಯ ನಿಜವಾದ ಕಿವಿಗಳು ಎಲ್ಲಿವೆ?
2. ಕಿಕಿಂಡಾದ ಚೌಕವನ್ನು ಗೂಡು ಎನ್ನದೆ ತಂಗುದಾಣ ಎನ್ನಲು ಕಾರಣವೇನು?
3. ‘ಸೊವೆಂಬರ್’ ಎಂಬ ಪದ ಹೇಗೆ ರೂಪುಗೊಂಡಿದೆ?

ಆ) ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿ.
1. ಗೂಬೆಗಳು ಚಳಿಗಾಲದಲ್ಲಿ ಪಟ್ಟಣಕ್ಕೆ ಬರಲು ಪಾಠದಲ್ಲಿ ಹೇಳಿದ ಕಾರಣಗಳನ್ನು ಬರೆಯಿರಿ. ಅವುಗಳಲ್ಲಿ ತಜ್ಞರ ವಿವರಣೆಯೆಂದು ಸೂಚಿಸಿರುವುದು ಯಾವುದು?
2. ಉಂಡೆಯನ್ನು ‘ಬೇಟೆಯ ಲೆಕ್ಕಪತ್ರ’ ಎಂದು ಕರೆದಿರುವುದು ಏಕೆ?

ಇ) ಈ ವಾಕ್ಯಗಳು ಕಂಡದ್ದೋ, ಊಹಿಸಿದ್ದೋ, ಕೇಳಿದ್ದೋ ಗುರುತಿಸಿ.
1. ಪೊಟರೆಯ ಕೆಳಗೆ ಬಿಳಿ ಹಿಕ್ಕೆ ಇದೆ. ಒಳಗೆ ಹಕ್ಕಿ ಇರಬಹುದು.
2. ಗೂಬೆಗೆ ಹಗಲು ಕಣ್ಣೇ ಕಾಣುವುದಿಲ್ಲವಂತೆ.
3. ಸೂರ್ಯ ಮುಳುಗಿದ ಹತ್ತು ನಿಮಿಷಕ್ಕೆ ಒಂದು ಗೂಬೆ ಹಾರಿತು.

(ಎರಡನೆಯ ವಾಕ್ಯದ ಚರ್ಚೆಯಲ್ಲಿ, ಗೂಬೆಗೆ ಹಗಲಿನಲ್ಲಿಯೂ ಕಣ್ಣು ಕಾಣುತ್ತದೆ ಎಂಬುದನ್ನು ಶಿಕ್ಷಕರು ತಿಳಿಸಬೇಕು.)

ಈ) ವೀಕ್ಷಣಾ ಟಿಪ್ಪಣಿ: ದಿನ, ಹೊತ್ತು, ಸ್ಥಳದ ಬಗೆ, ಹವೆ, ಹಕ್ಕಿಗಳ ಸಂಖ್ಯೆ, ಅವು ಮಾಡಿದ್ದು ಎಂಬ ಅಂಶಗಳಿರುವ ಹತ್ತು ವಾಕ್ಯಗಳನ್ನು ಬರೆಯಿರಿ. ‘ಇರಬಹುದು’ ಎಂದು ಬರೆದ ಕಡೆಯೆಲ್ಲ ಅದಕ್ಕೆ ಆಧಾರವಾದ ಕುರುಹನ್ನೂ ಹೇಳಿರಿ.

9. ಮೌಲ್ಯಮಾಪನ

ಕೊನೆಯ ಅವಧಿಯಲ್ಲಿ ಮೊದಲ ದಿನದ ಪಟ್ಟಿಯನ್ನು ಮತ್ತೆ ಓದಿಸಬೇಕು. ಯಾವ ವಾಕ್ಯವನ್ನೂ ಶಿಕ್ಷಕರು ಅಳಿಸಬಾರದು. ‘ಅಂತೆ’ ಕಳಚಿದ ವಾಕ್ಯಗಳಿಗೆ ಅದನ್ನು ಮರಳಿ ಸೇರಿಸುವುದು, ತಾವು ಕಂಡದ್ದನ್ನು ಬೇರೊಂದು ಬಣ್ಣದಲ್ಲಿ ಕೆಳಗೆ ಬರೆಯುವುದು ಮಕ್ಕಳ ಕೆಲಸ. ಗೂಬೆ ಶುಭವೋ ಅಶುಭವೋ ಎಂಬ ಪ್ರಶ್ನೆಗೆ ಮಗು ಏನು ಉತ್ತರಿಸುತ್ತದೆ ಎಂಬುದಕ್ಕೆ ಅಂಕವಿಲ್ಲ. ತನ್ನ ಉತ್ತರ ಕಂಡದ್ದೋ ಕೇಳಿದ್ದೋ ಎಂದು ಅದು ಹೇಳಬಲ್ಲದಾದರೆ ಪಾಠ ತಲಪಿದೆ ಎಂದು ತಿಳಿಯಬೇಕು.